ಮೀಟರಿನ ಮೇಲಿನ ವಿಭೂತಿ

ಸೀದ ಬೆಲ್ಲದಂಥ ಸಿಹಿ ವಾಸನೆ. ಮೊನ್ನೆ ಮಾಗಡಿ ರಸ್ತೆಯಲ್ಲಿ ಬ್ಯಾಡರಹಳ್ಳಿಯ ಕಡೆಯಿಂದ ಬರುವಾಗ ಅದು ಮೂಗಿಗೆ ಬಡಿಯಿತು. ನನ್ನದು ಸೆಕೆಂಡ್ ಹ್ಯಾಂಡ್ ಕಾರು. ಬೇರೆಯವರಾಗಿದ್ದರೆ ಎಲ್ಲೋ ಪಾಕ ಕಾಯಿಸುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ನಾನು ಎಂಜಿನ್ ಬಿಸಿ ತೋರಿಸುವ ಮೀಟರ್ ನೋಡಿದೆ, ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಎಡಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದೆ. ಭಯವಾಗಲಿಲ್ಲ, ಸಿಟ್ಟು ಬಂತು. ಕಾರಿನ ಮೇಲಲ್ಲ... ನಮ್ಮ ಪಕ್ಕದ ಮನೆ ಆಂಟಿಯ ಮೈದುನನ ಮೇಲೆ.

ಆರ್‌ಪಿಸಿ ಲೇಔಟಿನಲ್ಲಿ ನಮಗೂ ಅವರಿಗೂ ನಡುವೆ ಒಂದೇ ಕಾಂಪೌಂಡ್ ಗೋಡೆ. ಆಂಟಿ ದಾವಣಗೆರೆಯಿಂದ ಮದುವೆಯಾಗಿ ಬಂದವರು, ಆಫೀಸಿಗೆ ಹೋಗುತ್ತಿದ್ದವರು. ತಮ್ಮ ಸಂಬಳದಲ್ಲೇ ಒಂದು ಹಳೇ ಕಾರು ಕೊಂಡರು. ದೀಪಾವಳಿಗೆ ಅದನ್ನು ಒಬ್ಬರೇ ಓಡಿಸಿಕೊಂಡು ತವರಿಗೆ ಹೋಗಬೇಕು, ತವರಿನ ಬಾಗಿಲಲ್ಲಿ ಹಾರ್ನ್ ಹೊಡೆಯಬೇಕು. ಅವರಿಗಿದ್ದ ಆಸೆ ಅಷ್ಟೇ. ಪಿಯುಸಿ ಓದುತ್ತಿದ್ದ ನನಗೆ ಇದನ್ನು ಎಷ್ಟು ಸಲ ಹೇಳಿದ್ದರೋ.

ದಿನಾ ಮಲಗುವ ಮುಂಚೆ ಕಾರಿನ ಕೆಳಗೆ ಹಳೇ ನ್ಯೂಸ್‌ಪೇಪರ್ ಹಾಸುತ್ತಿದ್ದರು. ಬೆಳಗ್ಗೆ ರಂಗೋಲಿ ಹಾಕಿ ಮುಗಿಸಿದವರೇ ಅದನ್ನು ಎಳೆದು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಕಪ್ಪು ಕಲೆಯಾದರೆ ಎಂಜಿನ್ ಆಯಿಲ್, ಹಸಿರಾದರೆ ಎಂಜಿನ್ ತಣ್ಣಗಿಡುವ ಕೂಲಂಟ್, ಬರೀ ನೀರಾದರೆ ಎಸಿಯದು, ಚಿಂತೆಯಿಲ್ಲ. ಕೀ ತಿರುಗಿಸಿದಾಗ ಬರೀ ಟಕ್ ಟಕ್ ಅಂದರೆ ಬ್ಯಾಟರಿಯ ತುದಿಗೆ ಬಿಳಿ ಪುಡಿ ಕಟ್ಟಿದೆಯಾ ಅಂತ ನೋಡಬೇಕು. "ಹಳೇ ಗಾಡಿ ಸುಮ್‌ಸುಮ್ನೆ ಕೈ ಕೊಡಲ್ಲ ಕಣೇ, ಮೊದ್ಲೇ ಹೇಳತ್ತೆ" ಅನ್ನುತ್ತಿದ್ದರು. ಹಾಗಂತ ಅವರೇನು ಪಂಡಿತೆಯಲ್ಲ. ಒಂದು ಸಲ ವಾರವೆಲ್ಲ ಕಾರು ಗಲಗಲ ಅನ್ನುತ್ತಿದೆ ಅಂತ ತಲೆ ಕೆಡಿಸಿಕೊಂಡರು. ಕೊನೆಗೆ ನೋಡಿದರೆ ಸೀಟಿನ ಕೆಳಗೆ ಅವರದೇ ಟಿಫನ್ ಡಬ್ಬಿಯ ಚಮಚ!

ಆ ವರ್ಷದ ಆಯುಧಪೂಜೆಯಲ್ಲಿ ಕಾರಿಗೆ ಪೂಜೆ ಮಾಡಿದ್ದು ಮೈದುನ. ಕಾರು ಅತ್ತಿಗೆಯದು, ಪೂಜೆಯ ಯಜಮಾನಿಕೆ ಮಾತ್ರ ಅವನದು. ಅವನಿಗೆ ಮರ್ಯಾದೆ ಕೊಟ್ಟು ಬರೆಯಲು ನನಗೆ ಇವತ್ತಿಗೂ ಮನಸ್ಸಾಗುವುದಿಲ್ಲ. ಬಾನೆಟ್ಟಿಗೆ, ಸ್ಟೇರಿಂಗಿಗೆ ಮೂರು ಬೆರಳಿನ ವಿಭೂತಿ ಎಳೆದ, ಸರಿ. ಮೀಟರಿನ ಗಾಜಿಗೂ ಗಟ್ಟಿಯಾಗಿ ಎಳೆದುಬಿಟ್ಟ. ಆಂಟಿ ಒರೆಸಲು ಬಟ್ಟೆ ತಂದರು.

"ಅತ್ತಿಗೆ, ಪೂಜೆ ಮಾಡಿದ್ದನ್ನ ಒರೆಸ್ಬಾರ್ದು. ತಾನಾಗೇ ಉದುರ್ಲಿ ಬಿಡಿ."

ಆಂಟಿಯ ಗಂಡ, ನಮ್ಮ ಅಂಕಲ್, ತಮ್ಮನ ಎದುರು ಬಾಯಿ ತೆಗೆಯುವವರಲ್ಲ. ವಿಭೂತಿ ಒಣಗಿ ಸುಣ್ಣದ ಹಾಗೆ ಕಚ್ಚಿಕೊಂಡಿತು.

ಮರುದಿನ ವಿಜಯದಶಮಿ. ಬ್ಯಾಡರಹಳ್ಳಿಯ ನೆಂಟರಿಗೆ ಬನ್ನಿ ಕೊಟ್ಟು ಬರಲು ಹೊರಟೆವು. ಆಂಟಿ ಅವತ್ತು ಬೆಳಗ್ಗೆಯೇ ಪೇಪರಿನ ಮೇಲೆ ಹಸಿರು ಕಲೆ ನೋಡಿ, ಕೂಲಂಟ್ ತುಂಬಿಸಿ, "ಮುಳ್ಳು ನೋಡ್ಕೊಂಡು ಓಡ್ಸಪ್ಪ" ಅಂದಿದ್ದರು. ಸ್ಟೇರಿಂಗ್ ಹಿಡಿದವನು ಮೈದುನ, ಪಕ್ಕದಲ್ಲಿ ಆಂಟಿ, ಹಿಂದೆ ನಾನು. ಮುಳ್ಳು ಎಲ್ಲಿ ಕಾಣಬೇಕು? ಸ್ವಲ್ಪ ದೂರ ಹೋಗುವಷ್ಟರಲ್ಲಿ ಇದೇ ಸಿಹಿ ವಾಸನೆ ಶುರುವಾಯಿತು.

"ನಿಲ್ಸಪ್ಪ, ಕೂಲಂಟ್ ವಾಸನೆ ಬರ್ತಿದೆ."

"ಅಯ್ಯೋ ಅತ್ತಿಗೆ, ಅದು ನಿನ್ನೆ ಹಚ್ಚಿದ ಊದುಬತ್ತಿದು."

ಊದುಬತ್ತಿಯಂತೆ! ಬಾನೆಟ್ಟಿನಿಂದ ಹೊಗೆ ಎದ್ದ ಮೇಲಷ್ಟೇ ಅವನು ನಿಲ್ಲಿಸಿದ್ದು. ಇಳಿದವನೇ ಬಾನೆಟ್ ಎತ್ತಿ, ಬರಿಗೈಯಲ್ಲಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ. ಒಳಗೆ ಕುದಿಯುವ ನೀರು, ತೆಗೆದಿದ್ದರೆ ಮುಖಕ್ಕೇ ಚಿಮ್ಮುತ್ತಿತ್ತು. "ಮುಟ್ಬೇಡ!" ಅಂತ ಕೂಗಿ ಆಂಟಿ ಅವನ ಕೈಗೆ ಫಟ್ಟನೆ ಹೊಡೆದರು. ರಸ್ತೆ ಬದಿಯಲ್ಲಿ ನಿಂತಿದ್ದವರು ನಕ್ಕರು.

ಆ ನಗುವೇ ಅವನಿಗೆ ಚುಚ್ಚಿದ್ದು. ಎಂಜಿನ್ ಕೆಟ್ಟು ಕಾರು ಗ್ಯಾರೇಜ್ ಸೇರಿತು. ಮನೆಗೆ ಬಂದವನು, "ಹೆಂಗಸ್ರು ಓಡ್ಸಿದ ಗಾಡಿ ಹಿಂಗೇ ಆಗೋದು, ಮಾರಾಕ್ಬಿಡೋಣ" ಅಂತ ಬೀದಿಗೆಲ್ಲ ಕೇಳುವ ಹಾಗೆ ಅಂದ. ಮೀಟರ್ ಮುಚ್ಚಿದವನು ಇವನು, ಹೇಳಿದರೂ ನಿಲ್ಲಿಸದವನು ಇವನು. ಕೋಣ ಮೇಯ್ದರೆ ಎತ್ತಿಗೆ ಪೆಟ್ಟು! ಆಂಟಿ ತಮ್ಮ ದುಡ್ಡಲ್ಲಿ ಕೊಂಡಿದ್ದರೂ ಕಾರು ಅಂಕಲ್ ಹೆಸರಿನಲ್ಲಿತ್ತು. ಅಂಕಲ್ ಕಾಫಿ ಲೋಟ ನೋಡುತ್ತಾ ಕೂತಿದ್ದರು, ಆಮೇಲೆ ಮಾರಾಟದ ಕಾಗದಕ್ಕೆ ಸಹಿ ಹಾಕಿದರು. ದೀಪಾವಳಿಗೆ ಆಂಟಿ ಬ್ಯಾಗ್ ಹಿಡಿದು ಬಸ್ಸಿಗೆ ಹೊರಟಾಗ ನಾನು ಅತ್ತೆ. "ಇರ್ಲಿ ಬಿಡೇ" ಅಂದರು. ಮತ್ತೆಂದೂ ಅವರು ಸ್ಟೇರಿಂಗ್ ಹಿಡಿಯಲಿಲ್ಲ...

ಹೋದ ವರ್ಷ ಆಂಟಿ ತೀರಿಕೊಂಡರು. ಶಿವಗಣಾರಾಧನೆಯ ಊಟಕ್ಕೆ ಕೂತಿದ್ದಾಗ ಎದುರು ಸಾಲಿನಲ್ಲಿ ಅವನು ಯಾರಿಗೋ ಹೇಳುತ್ತಿದ್ದ. "ಪಾಪ, ನಮ್ಮತ್ತಿಗೆಗೆ ಡ್ರೈವಿಂಗ್ ಅಂದ್ರೆ ಭಯ. ಒಂದ್ಸಲ ಗಾಡಿ ಬಿಸಿಯಾಯ್ತು ನೋಡಿ, ಅವ್ರೇ ಬಿಟ್ಬಿಟ್ರು."

"ಸುಳ್ಳು," ಅಂದೆ. "ನೀವು ಬಿಡ್ಸಿದ್ದು. ಅವತ್ತು ನಿಮ್ಮ ಕೈ ಉಳಿಸಿದ್ದೂ ಅವ್ರೇ."

ಪಂಕ್ತಿಯೆಲ್ಲ ನಮ್ಮ ಕಡೆ ತಿರುಗಿತು. ಅಂಕಲ್ ತಲೆ ತಗ್ಗಿಸಿದರು. ಅವನು ಅದೇ ಕೈಯಲ್ಲಿ ಅನ್ನ ಕಲಸುತ್ತಾ ಕೂತಿದ್ದ. ನಾನು ಊಟ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಮೊನ್ನೆ ಬಾನೆಟ್ ಎತ್ತಿ, ಎಂಜಿನ್ ತಣ್ಣಗಾಗಲಿ ಅಂತ ಕಾಯುತ್ತಿದ್ದಾಗ ಎದುರಿನ ಎಳನೀರು ಅಂಗಡಿಯವರು ಕೊಡದಲ್ಲಿ ನೀರು ಹಿಡಿದು ಓಡಿ ಬಂದರು. "ಬಿಡಿ ಅಕ್ಕಾ, ನಾನು ಹಾಕ್ತೀನಿ" ಅನ್ನುತ್ತಲೇ ಮುಚ್ಚಳಕ್ಕೆ ಕೈ ಚಾಚಿದರು. ನನ್ನ ಕೈ ತಾನಾಗೇ ಹೋಗಿ ಅವರ ಕೈಗೆ ಫಟ್ಟನೆ ಹೊಡೆಯಿತು. ಪಕ್ಕದಲ್ಲಿ ಎಳನೀರು ಕುಡಿಯುತ್ತಿದ್ದವರು ನಕ್ಕರು.

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಮುಚ್ಚಳದ ಸುತ್ತ ಬುಸುಗುಡುತ್ತಿದ್ದ ಹಬೆ ನೋಡಿದರು. ಆಮೇಲೆ ತಾವೂ ನಕ್ಕುಬಿಟ್ಟರು.

"ಅಬ್ಬಾ, ಬಚಾವ್ ಮಾಡಿದ್ರಿ ಅಕ್ಕಾ!"

ಅಷ್ಟೇ. ಅವತ್ತು ಮೈದುನನೂ ನಕ್ಕು ಅಷ್ಟು ಅಂದಿದ್ದರೆ ಸಾಕಾಗಿತ್ತು. ಆಂಟಿ ಆ ದೀಪಾವಳಿಗೆ ತವರಿನ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದರು.