ಮೊದಲು ಸಿಹಿನೀರು, ಆಮೇಲೆ ಎಣ್ಣೆ

ಬೆಳಗಿನ ಆರು ಗಂಟೆ. ಉಪ್ಪುನೀರಿನ ಚೆಸಾಪೀಕ್ ಕೊಲ್ಲಿಯ ಮೇಲೆ ಇನ್ನೂ ನಸುಗತ್ತಲು. ಬಾತುಬೇಟೆಯವರ ಬಿಡಾರದ ಹಿಂದಿನ ಶೆಡ್ಡಿನಲ್ಲಿ ವರ್ನಾ ಡೈಜ್ ಒಂದೊಂದೇ ಕೋವಿಯ ಮೇಲಿನ ಹೆಚ್ಚುವರಿ ಎಣ್ಣೆ ಒರೆಸಿ, ದೋಣಿಗೆ ಹೊರಟವರ ಕೈಗೆ ಕೊಡುತ್ತಿದ್ದಾರೆ. ವಯಸ್ಸು ಅರವತ್ತೆಂಟು, ಎಡ ಮೊಣಕಾಲಿಗೆ ಪಟ್ಟಿ. ಏಡಿ ಹಿಡಿಯುವ ವೇಡ್ ಬಂದಾಗ ಮಾತ್ರ ಕೋವಿ ಕೊಡದೆ ತಡೆಯುತ್ತಾರೆ.

"ನಿನ್ನೆ ಮತ್ತೆ ಒದ್ದೆ ಕೋವೀನ ಚೀಲದಲ್ಲೇ ಬಿಟ್ಟಿದ್ದೆ ಅಲ್ವಾ? ಅದೇನು ಕೂಸಾ, ಹೊದಿಸಿ ಮಲಗಿಸೋಕೆ?"

"ತಪ್ಪಾಯ್ತು, ಮಿಸ್ ವರ್ನಾ," ಎಂದು, ನಮ್ಮೂರಲ್ಲಿ ಹಿರಿಯ ಹೆಂಗಸರನ್ನೆಲ್ಲ ಕರೆಯುವ ಹಾಗೆ ಕರೆದು, ನಲವತ್ತು ದಾಟಿದ ಆಸಾಮಿ ತಲೆ ಕೆರೆದುಕೊಳ್ಳುತ್ತಾನೆ. ನಾಳೆಯೂ ಅದನ್ನೇ ಮಾಡುತ್ತಾನೆ.

ನಮ್ಮೂರ ಗಂಡಸರು ಹಾರುವ ಬಾತನ್ನು ನಲವತ್ತು ಗಜದಿಂದ ಬೀಳಿಸುತ್ತಾರೆ, ಒಂದು ಕೆಟಲ್ ನೀರು ಕಾಯಿಸಲಾರರು. ನಾನೂ ಅವರಲ್ಲೊಬ್ಬ. ಕಬ್ಬಿಣಕ್ಕೆ ನೀರೇ ಶತ್ರು ಎಂಬ ಅಪ್ಪಂದಿರ ಮಾತು ನಂಬಿ, ಉಪ್ಪು ಮೆತ್ತಿದ ನಳಿಗೆಗೆ ನೇರ ಎಣ್ಣೆ ಬಳಿಯುತ್ತೇವೆ. ಎಣ್ಣೆಯಡಿ ಕೂತ ಉಪ್ಪು ನಿಧಾನವಾಗಿ ಉಕ್ಕನ್ನು ತಿನ್ನುತ್ತದೆ.

ಹತ್ತು ಗಂಟೆಗೆ ದೋಣಿಗಳು ಮರಳುತ್ತವೆ. ವರ್ನಾ ಕೈಗೆ ದಿನಕ್ಕೆ ಹನ್ನೆರಡು ಕೋವಿ, ಶನಿವಾರ ಇಪ್ಪತ್ತು. ನಳಿಗೆ ಬಿಚ್ಚಬೇಕು, ಬಿಸಿ ಸಿಹಿನೀರು ಸುರಿಯಬೇಕು, ಒಲೆಯ ಪಕ್ಕ ಒಣಗಿಸಿ ತೆಳ್ಳಗೆ ಎಣ್ಣೆ ಸವರಬೇಕು. ಎಣ್ಣೆ ಮರದ ಹಿಡಿಗೆ ಇಳಿಯದಂತೆ ಬಾಯಿ ಕೆಳಗೆ ಮಾಡಿ ನಿಲ್ಲಿಸಬೇಕು. ಮರುದಿನ ಮತ್ತೆ ಉಪ್ಪು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಹಂಗಾಮಿನ ಅರವತ್ತೂ ದಿನ. ಬೆರಳ ಗೆಣ್ಣುಗಳು ಒಡೆದು, ಕೆಲವು ಮಧ್ಯಾಹ್ನ ಚಿಪ್ಪುಮೀನಿನ ಸಾರಿನ ಚಮಚ ಹಿಡಿಯಲೂ ಆಗುವುದಿಲ್ಲ.

ಈ ವಿದ್ಯೆಯನ್ನು ಆಕೆ ಕಲಿತದ್ದು ಕೆಟ್ಟ ಮೇಲೆಯೇ. ಹನ್ನೊಂದು ವರ್ಷದ ಹಿಂದೆ ಗಂಡ ಎಲ್‌ವುಡ್ ಬೇಟೆಯಿಂದ ಮರಳಿದ ಸಂಜೆ ಎದೆನೋವಿನಿಂದ ತೀರಿಕೊಂಡರು. ವರ್ನಾ ಗಂಡನ ಜೋಡುನಳಿಗೆ ಕೋವಿಗೆ ಮನೆಯಲ್ಲಿದ್ದ ಎಣ್ಣೆಯೆಲ್ಲ ಬಳಿದು, ಉಣ್ಣೆಯ ಒಳಮೈಯ ಚೀಲದಲ್ಲಿಟ್ಟು ಮುಚ್ಚಿದರು. ವರ್ಷದ ನೆನಪಿನ ದಿನ ತೆರೆದಾಗ ಉಣ್ಣೆ ತುಕ್ಕಿಗೆ ಅಂಟಿಕೊಂಡಿತ್ತು.

"ಪ್ರೀತಿಯಿಂದಲೇ ಹಾಳು ಮಾಡಿದೆ ಕಣಪ್ಪಾ. ಒಂದು ಕೆಟಲ್ ನೀರು ಹಾಕಿದ್ರೆ ಉಳೀತಿತ್ತು."

ಅಂದಿನಿಂದ ಉಜ್ಜಿ ಉಜ್ಜಿ ಹೊರಮೈ ಮತ್ತೆ ಹೊಳೆಯುತ್ತಿದೆ. ನಳಿಗೆಯೊಳಗೆ ತುಕ್ಕು ತಿಂದ ಗುಳಿಗಳ ಕತೆ ಆಕೆಗೆ ತಿಳಿಯದು. ಹೋದ ತಿಂಗಳು ಅದನ್ನು ಆಚೆ ದಡದ ಕೋವಿ ರಿಪೇರಿಯ ಟಲ್ ಕೈಗೆ ಕೊಟ್ಟು, ಬಲನಳಿಗೆ ಒಂದೇ ಒಂದು ತೋಟಾ ತಾಳೀತೇ ನೋಡು ಎಂದಿದ್ದರು. ಹಂಗಾಮಿನ ಕೊನೆಯ ದಿನ ಎಲ್‌ವುಡ್ ಕೂರುತ್ತಿದ್ದ ಜೊಂಡಿನ ಮರೆಯಲ್ಲಿ ಕೂತು ಆ ಕೋವಿಯ ಸದ್ದು ಇನ್ನೊಮ್ಮೆ ಕೇಳಬೇಕು. ಇಷ್ಟು ವರ್ಷದಲ್ಲಿ ಆಕೆ ಬೇರೇನೂ ಬಯಸಿದ್ದು ನಾನು ಕೇಳಿಲ್ಲ. ಕೊನೆಯ ದಿನಕ್ಕೆ ಇನ್ನು ನಾಲ್ಕೇ ದಿನ.

ಹನ್ನೆರಡೂ ತೊಳೆದಾದ ಮೇಲೆ, ನಾನು ಶೆಡ್ಡಿನಲ್ಲಿ ಕೂತಿರುವಾಗಲೇ ಟಲ್ ಬರುತ್ತಾನೆ. ಕೋವಿಯನ್ನು ಮೇಜಿನ ಮೇಲಿಟ್ಟು ಟೋಪಿ ತೆಗೆಯುತ್ತಾನೆ.

"ಎರಡೂ ನಳಿಗೆ ತೆಳ್ಳಗಾಗಿವೆ, ಮಿಸ್ ವರ್ನಾ. ಹಾರಿಸಬೇಡಿ. ಒಡೆದ್ರೆ ನಿಮ್ಮ ಮುಖಕ್ಕೇ."

ಅವನ ತಪ್ಪೇನಿಲ್ಲ, ಆದರೂ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ. ವರ್ನಾ ಅವನಿಗೆ ಕಾಫಿ ಬಗ್ಗಿಸಿ ಕೊಡುತ್ತಾರೆ. ಅವನು ಹೋದ ಮೇಲೆ ಮೊಣಕಾಲಿನ ಪಟ್ಟಿ ಬಿಗಿದುಕೊಳ್ಳುತ್ತಾರೆ. ಆಮೇಲೆ ಎದ್ದು ನಳಿಗೆ ಬಿಚ್ಚಿ ಕೆಟಲ್ ಎತ್ತುತ್ತಾರೆ. ಇನ್ನು ಯಾಕೆ ತೊಳೆಯುತ್ತೀರಿ ಎಂದು ಬಾಯಿ ತಪ್ಪಿ ಕೇಳುತ್ತೇನೆ.

"ದೋಣೀಲಿ ಬಂದಿದೆಯಲ್ಲ, ಉಪ್ಪುಗಾಳಿ ತಾಗಿರುತ್ತೆ," ಎನ್ನುತ್ತಾರೆ. ಒಣಗಿಸಿ, ಎಣ್ಣೆ ಸವರಿ, ಆ ದಿನದ ಹದಿಮೂರನೆಯದಾಗಿ ಸಾಲಿನಲ್ಲಿ ಬಾಯಿ ಕೆಳಗೆ ಮಾಡಿ ನಿಲ್ಲಿಸುತ್ತಾರೆ.

"ಹಾರಿಸಬೇಡಿ ಅಂದ. ತೊಳೀಬೇಡಿ ಅನ್ನಲಿಲ್ಲವಲ್ಲ."