ಜಾಲಿಯ ಅಂಟು, ಬಾಣಂತಿಯ ಉಂಡೆ

ಕುಷ್ಟಗಿಗೆ ಬಂದ ಮೊದಲ ದಿನ ಮನೆಯೊಡತಿ ಗಂಗವ್ವ ಕೊಟ್ಟ ಉಂಡೆಯನ್ನು ಕಚ್ಚಿದಾಗ ಬಾಯಲ್ಲಿ ಗಾಜು ಒಡೆದಂತಾಯಿತು. ಉಗುಳಿಬಿಟ್ಟೆ.

“ಅಂಟ್ರಿ ಅದು. ಜಾಲಿ ಗಿಡದ್ದು, ತುಪ್ಪದಾಗ ಹುರದೀನಿ. ಹಡದಾಕಿಗೆ ಟೊಂಕ ಗಟ್ಟಿ ಆಗತೈತಿ,” ಎಂದಳು.

ಎಂಬತ್ತರ ದಶಕದ ಆರಂಭ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಲು ಕುಂದಾಪುರದಿಂದ ಬಂದಿದ್ದೆ. ಗಂಡನ ಕಚೇರಿ ಮುನಿರಾಬಾದಿನಲ್ಲಿ. ಬರುತ್ತಿದ್ದದ್ದು ಭಾನುವಾರ ಮಾತ್ರ. ಕುಂದಾಪುರದಲ್ಲಿ ಮನೆ ಹಿಂದೆಯೇ ಕಡಲು, ಇಲ್ಲಿ ದಿನಕ್ಕೆ ನಾಲ್ಕು ಕೊಡ ನೀರು. ಅಲ್ಲಿ ಎಲ್ಲರಿಗೂ ಅಕ್ಕ, ಇಲ್ಲಿ ‘ಬಾಯಾರ’ – ಓದಿಸುವ ಹೆಂಗಸನ್ನು ಹಾಗೆ ಕರೆಯುತ್ತಾರೆ.

ಊರಿಂದ ತಂದ ಚಕ್ಕುಲಿ ಎಂಟೇ ದಿನಕ್ಕೆ ಕಮಟು ಹಿಡಿಯಿತು. ಗಂಗವ್ವನ ಉಂಡೆ ಆ ಬಿಸಿಲಲ್ಲೂ ತಿಂಗಳು ಕೆಡಲಿಲ್ಲ. ಅಂಟಿನಿಂದಲೇ ಇರಬಹುದೇ ಎಂದು ನನಗೆ ಕುತೂಹಲ. ಎರಡು ಸೀಸೆಗಳಲ್ಲಿ ಕುಸುಬಿ ಎಣ್ಣೆ ತುಂಬಿ, ಒಂದಕ್ಕೆ ಅಂಟಿನ ನೀರು, ಇನ್ನೊಂದಕ್ಕೆ ಬರೀ ನೀರು ಕಲಸಿ ಕಾಲೇಜಿನ ಕಿಟಕಿಯಲ್ಲಿಟ್ಟೆ. ಬರೀ ನೀರಿನದು ಮೊದಲು ಕೆಟ್ಟಿತು. ಗಾಳಿಯ ಆಮ್ಲಜನಕ ಎಣ್ಣೆಯನ್ನು ಕೆಡಿಸುವಂತೆ ಮೈಯ ಜೀವಕೋಶಗಳನ್ನೂ ಸವೆಸುತ್ತದೆಂದು ಓದಿದ್ದೆ. ಸಕ್ಕರೆಯ ಅಣುಗಳ ಉದ್ದ ಸರಪಳಿಯಾದ ಈ ಅಂಟು ಮೈಯೊಳಗೂ ಅಡ್ಡ ನಿಂತೀತೇ? ನನ್ನ ಹಳೆಯ ಗುರುಗಳಿಗೆ ಬರೆದೆ. ‘ಎರಡು ಸೀಸೆಯಿಂದ ಏನೂ ಸಾಬೀತಾಗದು’ ಎಂದು ಕಾರ್ಡು ಬಂತು. ಗಂಗವ್ವ ನಕ್ಕಳು: “ನಮಗ ಗೊತ್ತಿದ್ದದ್ದನ್ನ ಸೀಸೇದಾಗ ಯಾಕ ಹಾಕ್ತೀರಿ?”

ಮರುವರ್ಷ ಹೆರಿಗೆಗೆ ತವರಿಗೆ ಹೋದೆ. ಮಗು ಉಸಿರಾಡಲಿಲ್ಲ. ಅಮ್ಮ ಕುಟ್ಟಿಟ್ಟಿದ್ದ ಬಾಣಂತಿಯ ಮದ್ದನ್ನು ಚಿಕ್ಕಮ್ಮ ಒಳಗಿಟ್ಟಳು. “ಮಗುವೇ ಇಲ್ಲದ ಮೇಲೆ ಬಾಣಂತನ ಯಾಕೆ?” ಅಮ್ಮ ಒರಳು ತೊಳೆದಿಟ್ಟಳು. ಎದೆಹಾಲು ಬತ್ತುವ ಮೊದಲೇ ಕುಷ್ಟಗಿಗೆ ಮರಳಿದೆ.

ಸಂಜೆ ಗಂಗವ್ವ ತಾಟಿನ ತುಂಬ ಉಂಡೆ ತಂದಳು. ತಾನೇ ಹೊಲದ ಬೇಲಿಗೆ ಹೋಗಿ ಅಂಟು ಕಿತ್ತಿದ್ದಳು. ಅಂಗೈ ತುಂಬ ಮುಳ್ಳಿನ ಗೀರು.

“ಕೂಸು ಉಳೀಲಿಲ್ಲಂದ್ರ ಮೈ ಹಡದಿಲ್ಲೇನ್ರಿ? ತಿನ್ರಿ.”

ತಿಂದು ಮುಗಿಸುವವರೆಗೆ ಎದುರಿಗೇ ಕುಳಿತಳು. ಇನ್ನು ಇದೇ ನನ್ನೂರು ಎಂದುಕೊಂಡೆ.

ಎರಡು ತಿಂಗಳಿಗೆ ಅವಳ ಸೊಸೆ ಗಂಡು ಹೆತ್ತಳು. ತೊಟ್ಟಿಲಿಗೆ ಹಾಕುವ ದಿನ ನಾನು ಸೀರೆ ಉಟ್ಟು ನಿಂತಿದ್ದೆ. ಗಂಗವ್ವ ಬಾಗಿಲಿಗೆ ಬಂದಳು, ಮುಖ ನೋಡಲಿಲ್ಲ.

“ಬಾಯಾರ, ಇವತ್ತ ಆ ಕಡೆ ಬರಬ್ಯಾಡ್ರಿ. ಮಂದಿ ಏನರ ಅಂತಾರ.”

“ಮಂದಿಯೋ, ನೀವೋ?”

“ನಾನೂ ಮಂದೀನ ಅಲ್ಲೇನ್ರಿ,” ಎಂದು ಹೋದಳು.

ಸೀರೆ ಬದಲಿಸಿ ಬಾಗಿಲು ಹಾಕಿಕೊಂಡೆ. ಗೋಡೆಯಾಚೆಯಿಂದ ಜೋಗುಳ ಕೇಳುತ್ತಲೇ ಇತ್ತು.

ಆರು ವರ್ಷವಾಯಿತು, ಅದೇ ಮನೆಯಲ್ಲಿದ್ದೇನೆ. ‘ನಿಮ್ಮೂರಲ್ಲಿ ಮಳೆ ಬಂತೇ?’ ಎಂದು ಅಮ್ಮ ಕಾಗದ ಬರೆಯುತ್ತಾಳೆ. “ನಿಮ್ಮೂರಾಗ ಮಳಿ ಆತೇನ್ರಿ?” ಎಂದು ಆ ಕಾಗದ ಕಂಡು ಗಂಗವ್ವ ಕೇಳುತ್ತಾಳೆ. ಇಬ್ಬರಿಗೂ, ಆಯಿತು ಎನ್ನುತ್ತೇನೆ.