ಪೆಡಲಿಗೆ ಕಟ್ಟಿದ ಗೆಜ್ಜೆ

ಈಗ ಹೇಳಲಿರುವುದರಲ್ಲಿ ನಡೆದದ್ದೆಷ್ಟು, ನಾನು ಆಮೇಲೆ ಸೇರಿಸಿಕೊಂಡದ್ದೆಷ್ಟು ಎಂಬುದು ನನಗೇ ಖಾತ್ರಿಯಿಲ್ಲ. ಮದುವೆ ಮಂಟಪದ ಪರದೆ ಕೆಂಪಾಗಿತ್ತೆಂದು ನೆನಪು. ಆದರೆ ನನ್ನ ನೆನಪಿನಲ್ಲಿ ಎಲ್ಲ ಮಂಟಪಗಳ ಪರದೆಯೂ ಕೆಂಪೇ. ನಾನು ಭೌತಶಾಸ್ತ್ರ ಓದಿದವನು, ಕೊಯಮತ್ತೂರಿನ ಕಾಲೇಜೊಂದರಲ್ಲಿ ಅದನ್ನೇ ಕಲಿಸುವವನು. ಅಳತೆಗೆ ಸಿಗದ್ದನ್ನು ನಂಬಬೇಡಿ ಎಂದು ತರಗತಿಯಲ್ಲಿ ಹೇಳಿ ಹೇಳಿ, ಕೊನೆಗೆ ನನ್ನ ತಲೆಯೊಳಗಿರುವುದನ್ನೂ ನಂಬದ ಸ್ಥಿತಿಗೆ ಬಂದಿದ್ದೇನೆ. ಗ್ಯಾಸ್ ಆರಿಸಿದ್ರಾ ಎಂದು ಹೆಂಡತಿ ಕೇಳಿದರೆ, "ಆರಿಸಿರುವ ಸಾಧ್ಯತೆ ಹೆಚ್ಚು" ಎನ್ನುತ್ತೇನೆ. ಅವಳು ಎದ್ದು ಹೋಗಿ ನೋಡಿ ಬರುತ್ತಾಳೆ.

ಇದೆಲ್ಲ ಮತ್ತೆ ಕೆದಕಿದ್ದು ಹೋದ ತಿಂಗಳು ಫೋನಿಗೆ ಬಂದ ಒಂದು ವೀಡಿಯೊ. ಮೈಸೂರಿನಿಂದ ಇಲ್ಲಿಗೆ ಬಂದ ಹೊಸತರಲ್ಲಿ ಭಾನುವಾರಗಳಂದು ಒಂದು ಲೈಟ್ ಮ್ಯೂಸಿಕ್ ತಂಡಕ್ಕೆ ಸೌಂಡ್ ನೋಡಿಕೊಳ್ಳುತ್ತಿದ್ದೆ. ಆ ಸಂಬಂಧದಿಂದ ಕೊಯಮತ್ತೂರು, ತಿರುಪ್ಪೂರಿನ ಡ್ರಮ್ಮರ್‌ಗಳ ವಾಟ್ಸಾಪ್ ಗುಂಪಿನಲ್ಲಿ ಈಗಲೂ ಇದ್ದೇನೆ. ನಿಮಗೆ ಗೊತ್ತಿರಬಹುದು, ಡ್ರಮ್ ಸೆಟ್ಟಿನಲ್ಲಿ ನೆಲಕ್ಕೆ ಒರಗಿ ಕೂತ ದೊಡ್ಡ ಬೇಸ್ ಡ್ರಮ್ಮನ್ನು ಕೈಯಿಂದ ಬಾರಿಸುವುದಿಲ್ಲ. ಕಾಲಲ್ಲಿ ಪೆಡಲ್ ಒತ್ತಿದರೆ ಸುತ್ತಿಗೆಯಂಥ ಬೀಟರ್ ಹೋಗಿ ಬಡಿಯುತ್ತದೆ. ವೀಡಿಯೊದಲ್ಲಿ ಯಾವುದೋ ದೇಶದವನು ಆ ಬೀಟರಿಗೆ ಝಲ್ ಎನ್ನುವ ತಗಡಿನ ಬಳೆಯೊಂದನ್ನು ಸಿಕ್ಕಿಸಿದ್ದ.

ಗುಂಪು ಹೌಹಾರಿತು. "ಇದು ಡ್ರಮ್ಮಾ, ಪೊಂಗಲ್‌ಗೆ ಸಿಂಗರಿಸಿದ ಎತ್ತಾ?" ಎಂದು ತಿರುಪ್ಪೂರಿನವನೊಬ್ಬ ತಮಿಳಿನಲ್ಲಿ ಗುಡುಗಿದ. "ಎರಡು ಕೈ ಸಾಲದೆ ಹೋದವನು ಕಾಲಿಗೆ ಒಡವೆ ತೊಡಿಸುತ್ತಾನೆ" ಎಂದ ಇನ್ನೊಬ್ಬ. ಚರ್ಚ್‌ನಲ್ಲಿ ಬಾರಿಸುವ ಹಿರಿಯರೊಬ್ಬರು ಮಾತ್ರ, ಕೊಯರ್ ಹಾಡುವಾಗ ತಾಳ ಹಾಕುವ ಒಬ್ಬನ ಸಂಬಳ ಉಳಿಯುತ್ತದಲ್ಲ ಎಂದು ಬರೆದರು. ನಾನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ.

ಯಾಕೆಂದರೆ, ಅಂಥದ್ದನ್ನು ನಾನು ಹನ್ನೆರಡು ವರ್ಷದ ಹಿಂದೆಯೇ ನೋಡಿದ್ದೆ. ನಮ್ಮ ತಂಡದ ಡ್ರಮ್ಮರ್ ರಂಗಸಾಮಿ ಅಣ್ಣ ಅವಿನಾಶಿ ಕಡೆಯವರು. ವಾರವೆಲ್ಲ ಪವರ್‌ಲೂಮ್, ವಾರದ ಕೊನೆಗೆ ಡ್ರಮ್. ಮನೆಮಾತು ಕನ್ನಡ, ಆದರೆ ಕನ್ನಡದ ಒಂದಕ್ಷರ ಓದಲು ಬಾರದು. ಪರವೂರಿನಲ್ಲಿ ನನಗೆ ಕನ್ನಡದಲ್ಲಿ "ಉಂಡ್ರಾ ವಾತ್ಯಾರೇ?" ಎಂದು ಕೇಳುತ್ತಿದ್ದವರು ಅವರೊಬ್ಬರೇ. ವಾತ್ಯಾರ್ ಎಂದರೆ ಮೇಷ್ಟ್ರು. ಅವರು ಇದ್ದಕ್ಕಿದ್ದಂತೆ ಒಂದು ದಿನ ಕರುವಿನ ಕೊರಳಿನ ಗೆಜ್ಜೆ ನಾಲ್ಕನ್ನು, ಮಗ್ಗದ ಹಳೆಯ ಚರ್ಮದ ಪಟ್ಟಿಗೆ ಪೋಣಿಸಿ, ಬೀಟರಿನ ಕಡ್ಡಿಗೆ ಗಂಟು ಹಾಕಿ ಬಿಗಿದುಕೊಂಡು ಬಂದರು.

ಆಗಲೂ ಹೀಗೇ ಗಲಾಟೆ. ಕೀಬೋರ್ಡಿನ ಸೆಲ್ವಂ, "ಅಣ್ಣಾ, ಗೆಜ್ಜೆ ಸರಸ್ವತಿ, ಅದನ್ನ ಒದೀತೀರಲ್ಲ" ಎಂದ. 

"ಗೆಜ್ಜೆ ಕಾಲ್ಗಲ್ದೆ ಮತ್ತೆ ತಲೆಗಾ ಕಟ್ಟೋದು?" ಎಂದರು ಅಣ್ಣ.

ನನ್ನ ಆಕ್ಷೇಪಣೆ ವೈಜ್ಞಾನಿಕವಾದದ್ದು. ಬೇಸ್ ಮೈಕಿನಲ್ಲಿ ತಗ್ಗಿನ ಸದ್ದು ಮಾತ್ರ ಬರಬೇಕು, ಗೆಜ್ಜೆಯ ಕೀರಲು ಅದರೊಳಗೆ ನುಗ್ಗುತ್ತದೆ ಎಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದೆ. ಅವರು ಶ್ರದ್ಧೆಯಿಂದ ನೋಡಿ, "ಸರಿಯಾಗಿ ಹೇಳ್ತೀರಾ. ಇರ್ಲಿ ಬಿಡಿ, ಒಂದು ಚೆಂದಕ್ಕೆ" ಎಂದರು. ಯಾಕೆ ಕಟ್ಟಿದಿರಿ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಎಲ್ಲರಿಗೂ ಅಭಿಪ್ರಾಯವಿತ್ತು, ಪ್ರಶ್ನೆ ಇರಲಿಲ್ಲ.

ಅನ್ನೂರಿನಲ್ಲಿ ಒಂದು ಮದುವೆಯ ರಿಸೆಪ್ಷನ್. ಸಂಜೆ ಆರರ ಹೊತ್ತು, ಎಲ್ಲರೂ ತಿಂಡಿಗೆ ಹೋಗಿದ್ದರು. ವೇದಿಕೆಯಲ್ಲಿ ನಾನೊಬ್ಬನೇ ಮೈಕುಗಳನ್ನು ನೋಡುತ್ತಿದ್ದೆ. ಇವತ್ತು ಈ ಗೆಜ್ಜೆ ಇರಬಾರದು ಎಂದು ಅಂದುಕೊಂಡದ್ದು ಸ್ಪಷ್ಟವಾಗಿ ನೆನಪಿದೆ. ಬಿಚ್ಚಿದ್ದು ನೆನಪಿಲ್ಲ. ಅಂದುಕೊಳ್ಳುವುದಕ್ಕೂ ಮಾಡುವುದಕ್ಕೂ ನಡುವೆ ಇರುವ ಜಾಗದಲ್ಲಿ ನಾನು ಹನ್ನೆರಡು ವರ್ಷ ನೆಮ್ಮದಿಯಾಗಿ ಬಾಳಿದೆ.

ನಮ್ಮ ಕಡೆಯ ಡ್ರಮ್ಮರ್‌ಗಳು ಚಪ್ಪಲಿ ಬಿಟ್ಟೇ ವೇದಿಕೆ ಹತ್ತುತ್ತಾರೆ. ಕಾಲಲ್ಲಿ ಒತ್ತಬೇಕಾದ ಪೆಡಲನ್ನು ಮೊದಲು ಕೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ, ಕ್ಷಮೆ ಕೇಳುವಂತೆ. ಅಂದು ಪೆಡಲು ಮುಟ್ಟಿದಾಗ ಅಣ್ಣ ಒಂದು ಕ್ಷಣ ಬಗ್ಗಿಯೇ ಇದ್ದರು. ಅಷ್ಟರಲ್ಲಿ ಮದುಮಕ್ಕಳು ಬಾಗಿಲಿಗೆ ಬಂದರು, ಹಾಡು ಶುರುವಾಯಿತು. ಅವರು ನನ್ನ ಕಡೆ ನೋಡಿದರು. ಸೌಂಡ್ ಸೊಗಸಾಗಿದೆ ಎಂದು ನಾನು ಹೆಬ್ಬೆರಳು ಎತ್ತಿದೆ.

ಬೇಸ್ ಡ್ರಮ್ ಅಂದು ತಾಳ ತಪ್ಪುತ್ತಿತ್ತು. ಒಮ್ಮೆ ಮುಂದೆ, ಒಮ್ಮೆ ಹಿಂದೆ. ಅಣ್ಣ ಪೆಡಲನ್ನು ಜೋರಾಗಿ ತುಳಿಯುತ್ತಿದ್ದರು, ಕಾಲು ಅದರ ಮೇಲೆ ಏನನ್ನೋ ಹುಡುಕುವಂತೆ ಜಾರಾಡುತ್ತಿತ್ತು. ಮೂರನೆಯ ಹಾಡಿನಲ್ಲಿ ಗಾಯಕಿ ತಿರುಗಿ ನೋಡಿದವಳು ಮೈಕಿನಲ್ಲೇ ಚೀರಿದಳು. ವೇದಿಕೆಗೆ ಹಾಸಿದ ಬಿಳಿ ಬಟ್ಟೆ ಡ್ರಮ್ಮಿನ ಕೆಳಗೆ ಅಂಗೈಯಷ್ಟು, ಅಲ್ಲ, ತಟ್ಟೆಯಷ್ಟು ಅಗಲ ಒದ್ದೆಯಾಗಿ ಕೆಂಪಾಗಿತ್ತು. ಪೆಡಲಿನ ಸ್ಕ್ರೂ ಒಂದು ಮೇಲೆದ್ದು ಅವರ ಅಂಗಾಲನ್ನು ಸೀಳಿತ್ತು. ಅಣ್ಣ ಕೋಲುಗಳನ್ನು ಹಿಡಿದುಕೊಂಡೇ ಬಗ್ಗಿ ನೋಡಿ ಕೇಳಿದರು:

"ಯಾರ್ದು ಇದು ರಕ್ತ?"

ಆ ಮಾತು ನನ್ನನ್ನು ಈಗಲೂ ನಿಂತಲ್ಲೇ ನಿಲ್ಲಿಸುತ್ತದೆ.

ಆಸ್ಪತ್ರೆಯಲ್ಲಿ ತಿಳಿಯಿತು. ಸಕ್ಕರೆ ಕಾಯಿಲೆಯಿಂದ ಅವರ ಬಲಗಾಲಿಗೆ ಒಂದು ವರ್ಷದಿಂದ ಸ್ಪರ್ಶವೇ ಇರಲಿಲ್ಲ. ತಂಡದವರಿಗೆ ಗೊತ್ತಾದರೆ ಡ್ರಮ್ಮಿನ ಬದಲು ಮೆಷಿನ್ ಇಟ್ಟುಬಿಡುತ್ತಾರೆ ಎಂದು ಹೇಳಿರಲಿಲ್ಲ. ಕಾಲು ಪೆಡಲಿನ ಮೇಲಿದೆಯೋ ಇಲ್ಲವೋ, ಏಟು ಬಿತ್ತೋ ಇಲ್ಲವೋ ಎಂಬುದನ್ನು ಹಾಡಿನ ಗದ್ದಲದಲ್ಲೂ ಅವರು ಗೆಜ್ಜೆಯಿಂದ ಕೇಳಿ ತಿಳಿಯುತ್ತಿದ್ದರು. ನಾವು ಚೆಂದವೋ ಅಸಹ್ಯವೋ ಎಂದು ವಾದಿಸುತ್ತಿದ್ದದ್ದು ಅವರ ಪಾದವಾಗಿತ್ತು. ಗಾಯ ಕೀವಾಗಿ ಎರಡು ಬೆರಳು ತೆಗೆದರು. ಗೆಜ್ಜೆ ಸ್ಪೀಕರಿನ ಮೇಲೆ ಸಿಕ್ಕಿತು. ಬಿದ್ದಿದ್ದನ್ನು ಯಾರೋ ಎತ್ತಿಟ್ಟಿರಬೇಕು ಎಂದು ಎಲ್ಲರೂ ಅಂದರು. ನಾನೂ ಅಂದೆ. ಆಮೇಲೆ ಅಣ್ಣ ಡ್ರಮ್ ಮುಟ್ಟಲಿಲ್ಲ. ನಾನೂ ತಂಡ ಬಿಟ್ಟೆ, ಪರೀಕ್ಷೆ ಪೇಪರ್ ಇದೆ ಎಂದು.

ಆ ವೀಡಿಯೊ ಬಂದ ಮೇಲೆ ಕೂತಲ್ಲಿ ಕೂರಲಾಗದೆ ಅವಿನಾಶಿಗೆ ಹೋದೆ. ಅಣ್ಣ ನಗುತ್ತಲೇ ಬಂದರು, ಕುಂಟು ಅಷ್ಟೇನಿಲ್ಲ. ಎಡಗಾಲಲ್ಲಿ ಬಾರಿಸಬಹುದಿತ್ತಲ್ಲ, ಯಾಕೆ ಬಿಟ್ಟಿರಿ ಎಂದೆ.

"ಕಾಲಿಂದ ಬಿಡ್ಲಿಲ್ಲ ವಾತ್ಯಾರೇ, ಕೈಯಿಂದ ಬಿಟ್ಟೆ. ಕಾಲು ಹೋಯ್ತು ಅಂತ ಗೊತ್ತಿತ್ತು. ಕೈ ಇದೆ ಅಂತ ನಂಬಿದ್ದೆ. ಆ ಗೆಜ್ಜೆ ಗಂಟು ಕಟ್ಟಿದ್ದು ಈ ಕೈ ತಾನೆ? ಅದೂ ಸಡ್ಲ ಆಗೋಯ್ತು."

ಒಳಗಿನಿಂದ ಅವರ ಹೆಂಡತಿ ಸರಸಕ್ಕ, "ಅವತ್ತಿಂದ ಒಂದು ಗಂಟು ಕಟ್ಟಿಲ್ಲ ತಂಬಿ ಇವ್ರು. ಕರು ಹಗ್ಗಾನೂ ನಾನೇ. ಮಗ್ಗದ ಮೇಲೆ ನೂಲು ಹರಿದ್ರೆ ಪಕ್ಕದವ್ರನ್ನ ಕೂಗ್ತಾರೆ. ಮಹಾರಾಜಾ!" ಎಂದರು.

ಅಣ್ಣ ನಕ್ಕರು. ನನಗೆ ನಗಲಾಗಲಿಲ್ಲ. ಬಾಯಿಗೆ ಬಂದದ್ದನ್ನು ಆಡಲೂ ಆಗಲಿಲ್ಲ, ಏಕೆಂದರೆ ಅದು ನೆನಪೋ ಪಶ್ಚಾತ್ತಾಪದ ಕಲ್ಪನೆಯೋ ನನಗೆ ಗೊತ್ತಿರಲಿಲ್ಲ.

ಅಂದಿನ ಮದುಮಗನ ತಮ್ಮ ನನ್ನ ಹಳೆಯ ವಿದ್ಯಾರ್ಥಿ. ಕೇಳಿದ್ದಕ್ಕೆ ಮದುವೆಯ ಪೂರ್ತಿ ವೀಡಿಯೊ ಕಳಿಸಿದ. ಕ್ಯಾಮೆರಾದವನು ಸ್ಟ್ಯಾಂಡಿಗೆ ಸಿಕ್ಕಿಸಿದ್ದನ್ನು ಆಫ್ ಮಾಡದೆ ತಿಂಡಿಗೆ ಹೋಗಿದ್ದ. ಖಾಲಿ ವೇದಿಕೆ. ಪರದೆ ಹಸಿರು. ಡ್ರಮ್ಮಿನ ಪಕ್ಕದಲ್ಲಿ, ಪೆಡಲಿನ ಬಳಿ ಒಬ್ಬ ಮಂಡಿಯೂರಿ ಕೂತಿದ್ದಾನೆ. ಕಪ್ಪು ತಲೆಗೂದಲು, ನನ್ನ ಕನ್ನಡಕ. ಕುರ್ಚಿಯಿಂದ ಎದ್ದುಬಿಟ್ಟೆ, ಎದ್ದು ನಿಂತೇ ಉಳಿದದ್ದನ್ನು ನೋಡಿದೆ.

ಅಣ್ಣನಿಗೆ ಫೋನ್ ಮಾಡಿ ಹೇಳಿದೆ. "ಗಂಟು ಬಿಚ್ಚಿಕೊಳ್ಳಲಿಲ್ಲ ಅಣ್ಣಾ. ನಾನು ಬಿಚ್ಚಿದೆ." ಬೈಗುಳಕ್ಕೆ ಕಾದೆ. ಕೊನೆಗೆ, ಮಗ್ಗದ ಸದ್ದಿನ ನಡುವೆ, ಅವರು ಕೇಳಿದ್ದು ಒಂದೇ:

"ಬಿಚ್ಚಕ್ಕೆ ಎಷ್ಟೊತ್ತಾಯ್ತು?"

ನೋಡಿ ಹೇಳುತ್ತೇನೆ ಎಂದು ಫೋನಿಟ್ಟೆ. ಊಹೆಯಿಂದ ಉತ್ತರಿಸುವ ಹಕ್ಕು ನನಗಿರಲಿಲ್ಲ. ವೀಡಿಯೊದ ಮೂಲೆಯ ಅಂಕಿಗಳನ್ನು ಗಮನಿಸುತ್ತ ಮೂರು ಸಲ ಓಡಿಸಿ ನೋಡಿದೆ, ಮೂರು ಸಲವೂ ಅಷ್ಟೇ ಬಂತು. ಎರಡು ನಿಮಿಷ ಹನ್ನೊಂದು ಸೆಕೆಂಡು, ಎರಡೂ ಕೈ ಹಚ್ಚಿ, ಕೊನೆಗೆ ಹಲ್ಲಿನಿಂದ.